ಮುಖ ನೋಡಲು ಬಂದವರು

ಈಚೆಗೆ ಐಬ್ರೋ ಮಾಡಿಸಿಕೊಳ್ಳಲು ಬಂದಿದ್ದ ಒಬ್ಬ ಹುಡುಗಿ ನನ್ನ ಕುರ್ಚಿಯಲ್ಲಿ ಒರಗಿದವಳೇ ಅಳತೊಡಗಿದಳು. ದಾರ ಎಳೆಯುವಾಗ ಎಲ್ಲರ ಕಣ್ಣಲ್ಲೂ ನೀರು ಬರುತ್ತದೆ, ಇದೂ ಅದೇ ಇರಬೇಕು ಅಂದುಕೊಂಡೆ. ಅದಲ್ಲ. ಅವಳ ಅತ್ತೆ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದ್ದರು. ಮೂಗಿಗೆ ಆಕ್ಸಿಜನ್ ಕೊಟ್ಟು ಬೋರಲು ಮಲಗಿಸಿದ್ದರಂತೆ. "ಊರಿಂದ ಎಲ್ಲಾ ಬರ್ತಾವ್ರೆ ಆಂಟಿ. ಮುಖ ನೋಡ್ಬೇಕು, ಒಂದ್ಸಲ ತಿರುಗ್ಸಿ ಅಂತಾವ್ರೆ. ನಾನೇನ್ ಮಾಡ್ಲಿ?" ಎಂದಳು.

ಅತ್ತೆ ಆಸ್ಪತ್ರೆಯಲ್ಲಿರುವಾಗ ಐಬ್ರೋ ಮಾಡಿಸಲು ಬಂದಳಲ್ಲ ಎಂದು ನೀವು ಮೂಗು ಮುರಿಯಬಹುದು. ಮುರಿಯಬೇಡಿ. ಆಸ್ಪತ್ರೆಯ ಬೆಂಚಿನಲ್ಲಿ ಕೂತು ಕೂತು ಸಾಕಾದವರಿಗೆ ಸ್ವಲ್ಪ ಹೊತ್ತು ಬೇರೆ ಎಲ್ಲಾದರೂ ಕೂರಲು ಒಂದು ನೆಪ ಬೇಕಾಗುತ್ತದೆ. ಆ ಹುಡುಗಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಯಾರಾದರೂ ಹಾಗೆ ಬೋರಲು ಮಲಗಿದ್ದರೆ, ಇಲ್ಲವೇ ಮಲಗಿದವರ ಪಕ್ಕ ಕೂತಿದ್ದರೆ, ಇದು ನಿಮಗೆ.

ನಾನು ಶಶಿಕಲಾ. ಸರಸ್ವತಿಪುರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದೇನೆ. ಮದುವೆ ಹೆಣ್ಣುಗಳಿಗೆ ಮೇಕಪ್ ಮಾಡುವುದರಲ್ಲಿ ಒಂದಿಷ್ಟು ಹೆಸರೂ ಇದೆ. ನಮ್ಮ ಯಜಮಾನರು ಪ್ರಕಾಶ್, ಟ್ಯುಟೋರಿಯಲ್‌ಗಳಿರುವ ರಸ್ತೆಯಲ್ಲಿ ಜೆರಾಕ್ಸ್ ಅಂಗಡಿ ನಡೆಸುತ್ತಾರೆ. ನಮಗೆ ಮಕ್ಕಳಿಲ್ಲ. ಆ ವಿಷಯದಲ್ಲಿ ನೆಂಟರಿಷ್ಟರು ಸಾಕಷ್ಟು ಮೂಗು ತೂರಿಸಿದ್ದಾರೆ, ಅದನ್ನು ಇಲ್ಲಿ ಎತ್ತುವುದಿಲ್ಲ.

ಹೋದ ವರ್ಷ ಮಾಘ ಮಾಸ, ಮದುವೆಗಳ ಕಾಲ. ಜ್ವರ, ಕೆಮ್ಮು ಎರಡೂ ಇತ್ತು. ಮೆಡಿಕಲ್ ಸ್ಟೋರಿನವನು ಕೊಟ್ಟ ಮಾತ್ರೆ ನುಂಗಿಕೊಂಡು ಛತ್ರದಿಂದ ಛತ್ರಕ್ಕೆ ಓಡಾಡುತ್ತಿದ್ದೆ. ಒಂದು ಬೆಳಿಗ್ಗೆ ಹೆಣ್ಣಿನ ಕಣ್ಣಿಗೆ ಕಾಡಿಗೆ ಗೆರೆ ಎಳೆಯುವಾಗ ಕೈ ನಿಲ್ಲಲಿಲ್ಲ. ಇಷ್ಟು ವರ್ಷಗಳಲ್ಲಿ ನನ್ನ ಗೆರೆ ಅಲುಗಿದ್ದು ಅದೇ ಮೊದಲು. ಹೆಣ್ಣಿನ ತಾಯಿ ನನ್ನನ್ನೇ ನೋಡಿ, "ಯಾಕ್ರೀ, ತುಟಿಯೆಲ್ಲ ನೀಲಿಯಾಗೋಗದೆ?" ಎಂದರು. ಕನ್ನಡಿಯಲ್ಲಿ ನೋಡಿಕೊಂಡೆ, ಹೌದು. ನಾನು ಮಾಡಿದ್ದೇನು ಗೊತ್ತೇ? ಹೆಣ್ಣಿಗೆಂದು ತಂದಿದ್ದ ಲಿಪ್‌ಸ್ಟಿಕ್ಕನ್ನು ನನ್ನ ತುಟಿಗೂ ಬಳಿದುಕೊಂಡು ಕೆಲಸ ಮುಗಿಸಿದೆ. ಛತ್ರದ ಮೆಟ್ಟಿಲು ಇಳಿಯುವಾಗ ಅರ್ಧಕ್ಕೇ ಕೂತುಬಿಟ್ಟೆ. ಆಟೋದವರು ಸೀದಾ ಆಸ್ಪತ್ರೆಗೇ ಕರೆದುಕೊಂಡು ಹೋದರು.

ಅಲ್ಲಿ ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ಪು ಸಿಕ್ಕಿಸಿದ ಡಾಕ್ಟರು ನನ್ನ ಮುಖ ನೋಡಲಿಲ್ಲ, ಕ್ಲಿಪ್ಪನ್ನೇ ನೋಡಿದರು. ಇನ್ನೊಂದು ಬೆರಳಿಗೆ ಹಾಕಿ ಮತ್ತೆ ನೋಡಿದರು. ನೇಲ್ ಪಾಲಿಶ್ ಒರೆಸಿಸಿ ಮತ್ತೊಮ್ಮೆ ನೋಡಿದರು. ಆಮೇಲೆ ಯಾರೂ ನನ್ನನ್ನು ನಡೆಯಲು ಬಿಡಲಿಲ್ಲ. ನನಗೂ ನ್ಯುಮೋನಿಯಾ.

ಮೊದಲು ಮೂಗಿನ ಹೊಳ್ಳೆಗೆ ಎರಡು ಸಣ್ಣ ಕೊಳವೆ ಇಟ್ಟರು, ಕನ್ನಡಕದ ಹಾಗೆ ಕಿವಿಗೆ ಸಿಕ್ಕಿಸಿ. ಮೂಗು ಒಣಗುತ್ತಿತ್ತು, ಅಷ್ಟೇ. ಅದು ಸಾಲಲಿಲ್ಲವೆಂದು ಮಾಸ್ಕ್ ಬಂತು. ಅದೂ ಸಾಲದೆ ಚೀಲ ತೂಗುವ ಮಾಸ್ಕ್. ಉಸಿರೆಳೆದಾಗ ಚೀಲ ಸ್ವಲ್ಪ ಕುಗ್ಗಬೇಕು, ಪೂರ್ತಿ ಚಪ್ಪಟೆಯಾಗಬಾರದು ಎಂದು ನರ್ಸ್ ಹೇಳಿದ್ದರು. ಹಾಲು ಉಕ್ಕೀತೆಂದು ಒಲೆ ಮುಂದೆ ನಿಂತವಳ ಹಾಗೆ ನಾನು ಆ ಚೀಲವನ್ನೇ ಕಾಯುತ್ತಿದ್ದೆ. ಮಾಸ್ಕ್ ತೆಗೆಯದೆ ಒಂದು ಗುಟುಕು ನೀರನ್ನೂ ಕುಡಿಯುವಂತಿರಲಿಲ್ಲ, ತೆಗೆದರೆ ಗೋಡೆ ಮೇಲಿನ ಮೆಷಿನ್ನು ಕೂಗಿಕೊಳ್ಳುತ್ತಿತ್ತು. ಕೊನೆಗೆ ದಪ್ಪ ಕೊಳವೆಯ ಇನ್ನೊಂದು ಯಂತ್ರ ತಂದರು. ಬಿಸಿಯಾದ, ತೇವದ ಗಾಳಿ ಸದಾ ಮೂಗಿನೊಳಕ್ಕೆ ನುಗ್ಗುತ್ತಲೇ ಇರುತ್ತದೆ. ಓಡುವ ಬಸ್ಸಿನ ಕಿಟಕಿಗೆ ಮುಖ ಒಡ್ಡಿದ ಹಾಗೆ. ಆದರೆ ಆ ಬಸ್ಸು ಎಲ್ಲೂ ನಿಲ್ಲುವುದಿಲ್ಲ.

ಇದಿಷ್ಟೂ ನನಗೆ ಚಿಕಿತ್ಸೆ. ನಮ್ಮ ಮನೆಯವರಿಗೆ ಮಾತ್ರ ಒಂದೊಂದು ಕೊಳವೆ ಬದಲಾದಾಗಲೂ ನಾನು ಒಂದೊಂದು ಹೆಜ್ಜೆ ಆಚೆಗೆ ಹೋದ ಹಾಗೆ ಕಾಣುತ್ತಿತ್ತು. ಯಜಮಾನರ ಅಕ್ಕ ನಾಗರತ್ನಮ್ಮ, ನಾನು ಅತ್ತಿಗೆ ಎನ್ನುತ್ತೇನೆ, ಚಾಮರಾಜಪುರದಿಂದ ದಿನವೂ ಗಂಜಿ ಮಾಡಿಕೊಂಡು ಬರುತ್ತಿದ್ದರು. ತಾಯಿಯಿಲ್ಲದ ತಮ್ಮನನ್ನು ಅವರೇ ಸಾಕಿದ್ದು. ಅವರ ಮಾತೆಂದರೆ ನಮ್ಮ ಯಜಮಾನರಿಗೆ ವೇದ. "ಒಂದ್ಸಲ ಆಕ್ಸಿಜನ್ ಹಾಕುದ್ರೆ ಮುಗೀತು ಕಣೋ ಪ್ರಕಾಶ. ಅಭ್ಯಾಸ ಆಗ್ಬುಡುತ್ತೆ. ನಮ್ಮ ಮಾವನೋರ್ಗೂ ಅಂಗೇ ಆಗಿದ್ದು," ಎಂದು ನನ್ನ ಮಂಚದ ಪಕ್ಕವೇ ಕೂತು ಹೇಳುತ್ತಿದ್ದರು. ಮಾಸ್ಕ್ ಹಾಕಿರುವುದು ಬಾಯಿಗೆ, ಕಿವಿಗಲ್ಲ ಎಂದು ಅವರಿಗೆ ಹೊಳೆಯಲೇ ಇಲ್ಲ. ಅತ್ತಿಗೆ ಕೆಟ್ಟವರಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟವರಾಗಿದ್ದರೆ ಎದುರು ಮಾತಾಡುವುದು ಸುಲಭವಾಗುತ್ತಿತ್ತು.

ಗಾಳಿಯ ಯಂತ್ರ ಬಂದ ದಿನವೇ ಡಾಕ್ಟರಮ್ಮ ಬಂದು ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು. "ನೋಡಿ ಶಶಿಕಲಾ, ನೀವು ಅಂಗಾತ ಮಲಗಿದಾಗ ಶ್ವಾಸಕೋಶದ ಹಿಂಭಾಗ ಅದುಮಿಕೊಂಡುಬಿಡುತ್ತೆ, ಅಲ್ಲಿಗೆ ಗಾಳಿ ಹೋಗ್ತಾನೇ ಇಲ್ಲ. ಬೋರಲು ಮಲಗಿ. ಎಷ್ಟು ಹೊತ್ತು ಆಗುತ್ತೋ ಅಷ್ಟೂ ಹೊತ್ತು. ಆಗ ಅದು ಬಿಡಿಸಿಕೊಳ್ಳಬಹುದು. ಇಲ್ಲಾಂದ್ರೆ ಗಂಟಲಿಗೆ ಟ್ಯೂಬ್ ಇಳಿಸಿ ವೆಂಟಿಲೇಟರ್‌ಗೆ ಹಾಕ್ಬೇಕಾಗುತ್ತೆ. ಅದು ಬೇಡ ಅಂತ ನನಗೂ ಇದೆ, ನಿಮಗೂ ಇರಲಿ."

ನಾನು ಬದುಕಬೇಕಿತ್ತು. ಇದನ್ನು ಬರೆಯಲು ನನಗೆ ಸಂಕೋಚವಿಲ್ಲ. ಯಾರಿಗೋಸ್ಕರವೂ ಅಲ್ಲ, ನನಗೇ ಬದುಕುವ ಆಸೆಯಿತ್ತು.

ನಮ್ಮಲ್ಲಿ ಮಗು ಮೊದಲ ಸಲ ಬೋರಲು ಬಿದ್ದರೆ ಮನೆಮಂದಿಯೆಲ್ಲ ಕುಣಿದಾಡುತ್ತಾರೆ. ಅದೇ ಮಗು ಹೆಣ್ಣಾಗಿ ನಾಲ್ಕು ವರ್ಷ ಬೆಳೆಯಲಿ, ಹಾಗೆ ಮಲಗಬಾರದು, ದರಿದ್ರ, ನೋಡಿದವರು ಏನಂದುಕೊಂಡಾರು ಎಂದು ಬೈಯುತ್ತಾರೆ. ಬೈಸಿಕೊಂಡೇ ಬೆಳೆದವಳು ನಾನು. ಈಗ ಎದೆಯ ಕೆಳಗೊಂದು ದಿಂಬು, ಸೊಂಟದ ಕೆಳಗೊಂದು ದಿಂಬು ಕೊಟ್ಟು ಇಬ್ಬರು ನರ್ಸ್‌ಗಳು ನನ್ನನ್ನು ಮಗುಚಿದರು. ಕತ್ತು ಒಂದು ಕಡೆಗೇ ತಿರುಗಿ, ಮುಖ ಮಂಚದ ಅಂಚಿನಲ್ಲಿ ನೆಲದ ಕಡೆ ವಾಲಿರಬೇಕು. ಕೆಳಗಿನ ಕಿವಿ ಜಜ್ಜಿಹೋಗುತ್ತದೆ. ಭುಜ ಮರಗಟ್ಟುತ್ತದೆ. ತಾಳಿ ಎದೆಗೆ ಒತ್ತುತ್ತಿತ್ತು. ತೆಗೆದಿಡಿ ಎಂದರು ನರ್ಸ್. "ಉಂಟೇನ್ರೀ! ಗಂಡ ಇಲ್ಲೇ ನಿಂತವ್ನೆ," ಎಂದರು ಅತ್ತಿಗೆ. ಕೊನೆಗೆ ಅದನ್ನು ಬೆನ್ನಿನ ಮೇಲಕ್ಕೆ ಸರಿಸಿದರು. ಆದರೆ ಸ್ವಲ್ಪ ಹೊತ್ತಿಗೆಲ್ಲ ಎಂಬತ್ತರ ಆಸುಪಾಸಿನಲ್ಲೇ ಒದ್ದಾಡುತ್ತಿದ್ದ ನನ್ನ ಆಕ್ಸಿಜನ್ ತೊಂಬತ್ತು ದಾಟಿತು. "ವೆರಿ ಗುಡ್ ಅಮ್ಮ, ಹಿಂಗೇ ಇರಿ," ಎಂದು ನರ್ಸ್ ಬೆನ್ನು ತಟ್ಟಿದರು. ಆ ಕೈಯ ಬಿಸುಪು ನನಗೆ ಇನ್ನೂ ನೆನಪಿದೆ.

ಬೋರಲು ಮಲಗಿದವರಿಗೆ ಪ್ರಪಂಚವೆಂದರೆ ನೆಲದ ಟೈಲ್ಸು ಮತ್ತು ಜನರ ಪಾದ. ಇಷ್ಟು ವರ್ಷ ಜನರ ಮುಖ ನೋಡಿಯೇ ಅನ್ನ ತಿಂದವಳು ಚಪ್ಪಲಿ ನೋಡಿ ಮನುಷ್ಯರನ್ನು ಗುರುತಿಸುವುದನ್ನು ಕಲಿತೆ. ಸಂಜೆ ಭೇಟಿಯ ಹೊತ್ತಿಗೆ ಒಂದು ಜೊತೆ ಕಪ್ಪು ಬೂಟು, ಒಂದು ಜೊತೆ ಬೆಳ್ಳಿ ಕಾಲುಂಗುರದ ಪಾದ ಬಂದು ನಿಂತವು. ಯಜಮಾನರ ಚಿಕ್ಕಪ್ಪ, ಚಿಕ್ಕಮ್ಮ.

"ಇದೇನಮ್ಮ ನಾಗರತ್ನ, ಮುಖಾನೇ ಕಾಣಲ್ವಲ್ಲ," ಎಂದಿತು ಬೂಟು.

"ಶಶಿ, ದೊಡ್ಡೋರು ಬಂದವ್ರೆ ಕಣಮ್ಮ. ಅಷ್ಟು ದೂರದಿಂದ ಬಂದವ್ರೆ. ಒಂದ್ನಿಮಿಷ ಈ ಕಡೆ ತಿರುಗ್ಬುಡು," ಎಂದು ಅತ್ತಿಗೆ ನನ್ನ ಭುಜ ಹಿಡಿದರು. ಇನ್ನೊಂದು ಭುಜವನ್ನು ನಮ್ಮ ಯಜಮಾನರು ಹಿಡಿದರು.

ದೊಡ್ಡವರಿಗೆ ಬೆನ್ನು ಹಾಕಿ ಮಲಗಬಾರದು ಎಂಬುದು ಮೈಗೆ ಎಷ್ಟು ಒಗ್ಗಿಹೋಗಿದೆ ನೋಡಿ, ಉಸಿರಿಗೆ ಒದ್ದಾಡುತ್ತಿದ್ದವಳೂ ತಿರುಗಿದೆ. ಮುಖ ಸರಿಯಾಗಿ ಕಾಣಲೆಂದು ಅತ್ತಿಗೆ ಮೂಗಿನ ಕೊಳವೆಯನ್ನೂ ತುಸು ಸರಿಸಿದರು. ಚಿಕ್ಕಮ್ಮ ಬಗ್ಗಿ ನೋಡಿದರು. ಲೊಚಗುಟ್ಟಿದರು. "ಎಷ್ಟು ಲಕ್ಷಣವಾಗಿದ್ಲು," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಕಣ್ಣು ಬಿಟ್ಟುಕೊಂಡು ಅವರನ್ನೇ ನೋಡುತ್ತಿದ್ದೇನೆ! ಅಷ್ಟರಲ್ಲಿ ಮೆಷಿನ್ನು ಕೂಗಲು ಶುರುಮಾಡಿತು, ನರ್ಸ್ ಓಡಿ ಬಂದು ಎಲ್ಲರನ್ನೂ ಗದರಿ ಹೊರಗೆ ಕಳಿಸಿ ನನ್ನನ್ನು ಮತ್ತೆ ಮಗುಚಿದರು. ಒಂದು ನಿಮಿಷದಲ್ಲಿ ಇಳಿದ ಆಕ್ಸಿಜನ್ ಮತ್ತೆ ಏರಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ನನಗೆ ನೀರಿನೊಳಗೆ ಮುಳುಗಿಸಿ ಹಿಡಿದ ಹಾಗಿತ್ತು.

ಆಮೇಲೆ ಅದೇ ಒಂದು ಪದ್ಧತಿಯಾಯಿತು. ಸಂಜೆಯಾದರೆ ಯಾರಾದರೂ ಬರುವುದು, ನರ್ಸ್ ಆ ಕಡೆ ಹೋಗುವುದನ್ನೇ ಕಾದು ನನ್ನನ್ನು ತಿರುಗಿಸುವುದು, ಮುಖ ನೋಡುವುದು, ಲೊಚಗುಟ್ಟುವುದು, ಹೋಗುವುದು. ಹಗಲೆಲ್ಲ ಕಷ್ಟಪಟ್ಟು ಕೂಡಿಹಾಕಿದ ಉಸಿರನ್ನು ಸಂಜೆ ಅವರು ಬಂದು ಖರ್ಚು ಮಾಡಿ ಹೋಗುತ್ತಿದ್ದರು. ಅವರು ಹೋದ ಮೇಲೆ ನಾನು ದಿಂಬಿನೊಳಗೆ ಅಳುತ್ತಿದ್ದೆ. ಅತ್ತರೆ ಮೂಗು ಕಟ್ಟುತ್ತದೆ, ಮೂಗು ಕಟ್ಟಿದರೆ ಗಾಳಿ ಹೋಗುವುದಿಲ್ಲ, ಅದಕ್ಕೆಂದು ಅಳುವುದನ್ನೂ ನಿಲ್ಲಿಸಿದೆ.

ಒಂದು ಬೆಳಿಗ್ಗೆ ಡಾಕ್ಟರಮ್ಮ ರೌಂಡ್ಸಿಗೆ ಬಂದವರು ಚಾರ್ಟ್ ನೋಡಿ ಸಿಟ್ಟಾದರು. "ದಿನಾ ಸಂಜೆ ಯಾಕೆ ಇಷ್ಟು ಇಳೀತಿದೆ? ಯಾರು ಇವರನ್ನ ತಿರುಗಿಸ್ತಿರೋದು?"

ನಮ್ಮ ಯಜಮಾನರು ಅಲ್ಲೇ ಇದ್ದರು. ಅತ್ತಿಗೆಯೂ ಇದ್ದರು. ಯಜಮಾನರು ಒಂದು ಸಲ ಅಕ್ಕನ ಕಡೆ ನೋಡಿರಬೇಕು, ಅವರ ಚಪ್ಪಲಿ ಆ ಕಡೆ ತಿರುಗಿದ್ದು ನನಗೆ ಕಂಡಿತು. ಆಮೇಲೆ ಹೇಳಿದರು: "ಅವಳೇ ತಿರುಗ್ಬುಡ್ತಾಳೆ ಡಾಕ್ಟ್ರೇ. ಎಷ್ಟು ಹೇಳುದ್ರೂ ಕೇಳಲ್ಲ."

ಇಲ್ಲ ಎನ್ನಲು ಬಾಯಿ ತೆರೆದೆ. ಆ ಗಾಳಿಯ ರಭಸದಲ್ಲಿ ಮಾತು ಹೊರಡಲಿಲ್ಲ, ಕೆಮ್ಮು ಹೊರಟಿತು. ಡಾಕ್ಟರಮ್ಮ ಬಗ್ಗಿ, "ಹೀಗೆ ಹಟ ಮಾಡಿದ್ರೆ ಹೇಗಮ್ಮ? ನಾಳೆಯೂ ಹೀಗೇ ಆದ್ರೆ ಟ್ಯೂಬ್ ಹಾಕದೆ ನನಗೆ ಬೇರೆ ದಾರಿ ಇಲ್ಲ," ಎಂದರು. ಅವರ ತಪ್ಪೇನೂ ಇಲ್ಲ. ಗಂಡನ ಮಾತನ್ನು ಅವರು ಯಾಕೆ ನಂಬಬಾರದು? ನಾನೇ ಇಪ್ಪತ್ತು ವರ್ಷ ನಂಬಿಕೊಂಡು ಬಂದಿರಲಿಲ್ಲವೇ.

ಅವತ್ತು ಮಧ್ಯಾಹ್ನ ನನಗೆ ನಿದ್ದೆ ಬಂದಿದೆ ಎಂದುಕೊಂಡು ಯಜಮಾನರು ಮಂಚದ ಪಕ್ಕ ನಿಂತೇ ಫೋನಿನಲ್ಲಿ ಮಾತಾಡಿದರು. "ಹ್ಞೂಂ, ಇವತ್ತೋ ನಾಳೆಯೋ ಟ್ಯೂಬ್ ಹಾಕ್ತಾರಂತೆ. ಆಮೇಲೆ ಮಾತಿಲ್ಲ ಕತೆಯಿಲ್ಲ. ಅಷ್ಟ್ರಲ್ಲಿ ಬಂದು ಮುಖ ನೋಡ್ಕೊಂಡು ಹೋಗ್ಬುಡಿ. ಎಲ್ಲಾರ್ಗೂ ಹೇಳಿದ್ದೀನಿ. ಮಂಡಕಳ್ಳಿಗೂ ಹೇಳಿದ್ದೀನಿ, ಅವರಮ್ಮ ನಾಳೆ ಬರ್ತಾರೆ."

ಆಗ ನನಗೆ ಎಲ್ಲ ಸ್ಪಷ್ಟವಾಯಿತು. ಇವರು ಯಾರೂ ಕಾಯಿಲೆಯವಳನ್ನು ಮಾತಾಡಿಸಲು ಬರುತ್ತಿರಲಿಲ್ಲ. ಸತ್ತಾಗ ಮಾಡುವ ಕೆಲಸವನ್ನು ಮೊದಲೇ ಮಾಡಿ ಮುಗಿಸಿಕೊಳ್ಳುತ್ತಿದ್ದರು. ನಮ್ಮವರಲ್ಲಿ ಅದೊಂದು ದೊಡ್ಡ ಕೊರಗು, ಕೊನೆಗಾಲದಲ್ಲಿ ಮುಖ ನೋಡಲು ಸಿಗಲಿಲ್ಲ ಎನ್ನುವುದು. ಆ ಕೊರಗು ಯಾರಿಗೂ ಉಳಿಯದಿರಲೆಂದು ನನ್ನ ಗಂಡ ಎಲ್ಲರನ್ನೂ ಕರೆಸಿ ನನ್ನ ಮುಖ ತೋರಿಸುತ್ತಿದ್ದರು. ಹಾಗೆ ತೋರಿಸುವುದರಿಂದಲೇ ನಾನು ಸಾಯುತ್ತಿದ್ದೆ.

ಆ ಸಂಜೆ ಬಂದವರು ಯಾರೋ ಗೊತ್ತಿಲ್ಲ, ಕಂದು ಬಣ್ಣದ ಚಪ್ಪಲಿ. ಅತ್ತಿಗೆ ಭುಜ ಹಿಡಿದ ಕೂಡಲೇ ನಾನು ಮಂಚದ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ಅವರು ಎಳೆದರು, ನಾನು ಬಿಡಲಿಲ್ಲ. ತೋಳು ಕಿತ್ತುಬಂದರೂ ಬಿಡಬಾರದು ಎಂದು ಹಲ್ಲು ಕಚ್ಚಿ ಹಿಡಿದಿದ್ದೆ. "ನೋಡಿದ್ರಾ, ಸಾಯೋ ಕಾಲ್ದಲ್ಲೂ ಎಷ್ಟು ಹಟ," ಎಂದರು ಅತ್ತಿಗೆ. ಕಂದು ಚಪ್ಪಲಿ ಬೇಜಾರಿನಿಂದ ಹೋಯಿತು. ಆಕ್ಸಿಜನ್ ಮಾತ್ರ ಅವತ್ತು ಇಳಿಯಲಿಲ್ಲ.

ಆದರೆ ಮಾರನೆಯ ದಿನ ಬರುವವಳು ಅವ್ವ. ಅವಳು ಬಂದರೆ ಏನು ಮಾಡಲಿ? ಅವಳಿಗೂ ಬೆನ್ನು ತೋರಿಸಲೇ? ಮಂಡಕಳ್ಳಿಯಲ್ಲಿ ನನ್ನ ತಮ್ಮನ ಮನೆಯಲ್ಲಿರುವ ಅವ್ವನಿಗೆ ಮಂಡಿ ನೋವು, ಬಸ್ ಹತ್ತುವುದೇ ಕಷ್ಟ. ಅಷ್ಟು ಕಷ್ಟಪಟ್ಟು ಬಂದವಳು ಮಗಳ ಮುಖ ನೋಡದೆ ಹೋಗಬೇಕೇ? ಅವಳಿಗಾಗಿ ಒಂದು ಸಲ ತಿರುಗಿಬಿಡುತ್ತೇನೆ, ಆದದ್ದಾಗಲಿ ಎಂದು ನಿರ್ಧಾರ ಮಾಡಿದೆ. ಟ್ಯೂಬ್ ಹಾಕಿದರೆ ಹಾಕಲಿ.

ಸಂಜೆ ರಬ್ಬರ್ ಚಪ್ಪಲಿಯ ಸದ್ದು ಬಂತು. ಎಡಗಾಲನ್ನು ತುಸು ಎಳೆದು ಇಡುವ ಸದ್ದು. ಅತ್ತಿಗೆ, "ಶಶಿ, ನಿಮ್ಮವ್ವ ಬಂದವ್ರೆ ನೋಡಮ್ಮ. ಇವ್ರಿಗಾದ್ರೂ ಮುಖ ತೋರ್ಸು," ಎಂದರು. ನಾನು ಕಂಬಿ ಬಿಟ್ಟು, ಕೈ ಊರಿ ಏಳಲು ಹೊರಟೆ. ಏದುಸಿರು ಬರತೊಡಗಿತು.

"ಯಾಕವ್ವ ಇವಳ್ನ ಇಂಗ್ ಮಲಗ್ಸವ್ರೆ?" ಎಂದು ಅವ್ವ ಕೇಳಿದಳು, ಅತ್ತಿಗೆಯನ್ನಲ್ಲ, ನರ್ಸನ್ನು.

"ಹಿಂಗೇ ಮಲಗಿದ್ರೆ ಅವರಿಗೆ ಉಸಿರಾಡೋಕೆ ಆಗುತ್ತೆ ಅಜ್ಜಿ."

"ಅಂಗಾದ್ರೆ ತಿರುಗು ಅಂತ ಯಾಕಂತೀರಿ?" ಈಗ ಕೇಳಿದ್ದು ಅತ್ತಿಗೆಯನ್ನು. ಅವ್ವ ನನ್ನ ಬೆನ್ನಿನ ಮೇಲೆ ಕೈಯಿಟ್ಟು ಮೆಲ್ಲಗೆ ಅದುಮಿದಳು. "ಬ್ಯಾಡ ಕಣವ್ವ. ಅಂಗೇ ಮನೀಕೊ. ಏಳ್ಬ್ಯಾಡ."

ಆಮೇಲೆ ಅವಳು ಮಂಚದ ಕಂಬಿ ಹಿಡಿದು ಒಂದೊಂದೇ ಮಂಡಿ ಬಗ್ಗಿಸಿ, "ಅಯ್ಯಪ್ಪಾ" ಎನ್ನುತ್ತ ನೆಲದ ಮೇಲೆ ಕೂತಳು. "ಏನ್ರೀ ಇದು, ಆಸ್ಪತ್ರೆ ನೆಲ, ಗಲೀಜು, ಎದ್ದೇಳಿ," ಎಂದರು ಅತ್ತಿಗೆ. ಅವ್ವ ಕಿವಿಗೆ ಹಾಕಿಕೊಳ್ಳಲಿಲ್ಲ. ಹಿಂದಕ್ಕೆ ಕೈಯೂರಿ ಕತ್ತೆತ್ತಿದಳು. ಅಷ್ಟು ದಿನ ಬರೀ ಟೈಲ್ಸು ಕಾಣುತ್ತಿದ್ದ ಜಾಗದಲ್ಲಿ ಅವ್ವನ ಮುಖ ಬಂತು.

"ಕಾಣ್ತು ಕಣವ್ವ," ಎಂದಳು. "ನೀನು ಮೊದ್ಲು ಬೋರ್ಲು ಬಿದ್ದಾಗ್ಲೂ ಇಂಗೇ ಚಾಪೆ ಮೇಲೆ ಕತ್ತು ಎತ್ತಿದ್ದೆ. ನಾನು ನೆಲ್ಕೆ ಮನೀಕೊಂಡು ನೋಡ್ತಿದ್ದೆ. ಅದೇ ಮುಖ."

ನನಗೆ ಮಾತಾಡಲು ಆಗುತ್ತಿರಲಿಲ್ಲ. ಅವಳಿಗೂ ಬೇಕಿರಲಿಲ್ಲ. ಭೇಟಿಯ ಹೊತ್ತು ಮುಗಿಯುವವರೆಗೂ ಹಾಗೇ ಕೂತಿದ್ದಳು. ಮೇಲೇಳಿಸಲು, ಅವಳನ್ನು ಕರೆತಂದಿದ್ದ ನನ್ನ ತಮ್ಮನೂ ನರ್ಸೂ ಸೇರಿ ಹಿಡಿಯಬೇಕಾಯಿತು. ಅವಳು ಹೊರಡುವ ಮುಂಚೆ ನರ್ಸಿಗೆ ಹೇಳಿದ್ದು ಕೇಳಿಸಿತು: "ಯಾರ್ ಬಂದ್ರೂ ತಿರುಗ್ಸಕ್ ಬುಡ್ಬ್ಯಾಡ್ರವ್ವ. ನೋಡ್ಬೇಕು ಅನ್ನೋರು ನನ್ನಂಗೆ ಕೂತ್ಕೊಂಡ್ ನೋಡ್ಲಿ." ನರ್ಸ್ ಅದನ್ನು ಡಾಕ್ಟರಮ್ಮನಿಗೆ ಹೇಳಿರಬೇಕು. ಮಾರನೆಯ ದಿನದಿಂದ ನನಗೆ ಭೇಟಿ ಬಂದ್ ಆಯಿತು.

ಟ್ಯೂಬ್ ಹಾಕಲಿಲ್ಲ. ದಪ್ಪ ಕೊಳವೆ ಹೋಗಿ ಮಾಸ್ಕ್ ಬಂತು, ಮಾಸ್ಕ್ ಹೋಗಿ ಮೂಗಿನ ಸಣ್ಣ ಕೊಳವೆ ಬಂತು. ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟೆ. ಸಣ್ಣ ಕೊಳವೆಯಲ್ಲಿ ನಿಂತುಬಿಟ್ಟೆ. ಶ್ವಾಸಕೋಶದಲ್ಲಿ ಗಾಯದ ಗುರುತು ಉಳಿದಿದೆಯಂತೆ. ಮನೆಯಲ್ಲೊಂದು ಆಕ್ಸಿಜನ್ ಮೆಷಿನ್ನು ಗುರ್ರೆನ್ನುತ್ತಿರುತ್ತದೆ, ಮಲಗುವಾಗ ಬೇಕು, ಜಾಸ್ತಿ ಓಡಾಡಿದರೆ ಬೇಕು. ಮೆಟ್ಟಿಲಿರುವ ಛತ್ರಗಳಿಗೆ ಹೋಗುವುದನ್ನು ಬಿಟ್ಟಿದ್ದೇನೆ. "ಅಭ್ಯಾಸ ಆಗ್ಬುಡುತ್ತೆ ಅಂತ ನಾನು ಆಗ್ಲೇ ಹೇಳಿರ್ಲಿಲ್ವಾ?" ಎಂದು ಅತ್ತಿಗೆ ಈಗಲೂ ಹೇಳುತ್ತಾರೆ. ಗಂಜಿ ಮಾತ್ರ ತರುವುದಿಲ್ಲ. ಅಂದು ಬಂದ ಬೂಟು ಚಪ್ಪಲಿಗಳಲ್ಲಿ ಒಂದು ಜೊತೆಯೂ ನಮ್ಮ ಮನೆಯ ಬಾಗಿಲಲ್ಲಿ ಬಿಟ್ಟಿದ್ದನ್ನು ಇದುವರೆಗೆ ನೋಡಿಲ್ಲ. ಬದುಕಿದವಳ ಮುಖದಲ್ಲಿ ನೋಡುವಂಥದ್ದು ಏನಿದೆ?

ಯಜಮಾನರನ್ನು ಒಮ್ಮೆ ಕೇಳಿದೆ. "ರೀ, ಅವತ್ತು ಡಾಕ್ಟರಮ್ಮನ ಹತ್ರ ಯಾಕೆ ಹಾಗಂದ್ರಿ? ನಾನೇ ತಿರುಗ್ತೀನಿ ಅಂತ?"

"ಅಕ್ಕನ ಮುಂದೆ ಇನ್ನೇನ್ ಹೇಳ್ಲಿ? ಪಾಪ, ಅವಳು ಒಳ್ಳೇದಕ್ಕೇ ಮಾಡಿದ್ದು," ಎಂದರು. ಆಮೇಲೆ, "ಎಷ್ಟು ಜನ ಬಂದಿದ್ರು ನೋಡು ನಿನ್ನ ನೋಡೋಕೆ. ಎಲ್ಲಾ ನಾನೇ ಫೋನ್ ಮಾಡಿದ್ದು," ಎಂದರು. ಅವರ ದನಿಯಲ್ಲಿ ಹೆಮ್ಮೆ ಇತ್ತು.

ನಾನು ಈಗಲೂ ಬೋರಲೇ ಮಲಗುವುದು. ಆ ಹುಡುಗಿ ಬಂದು ಹೋದ ಭಾನುವಾರ, ಮಧ್ಯಾಹ್ನ ಊಟವಾದ ಮೇಲೆ ಮೂಗಿಗೆ ಕೊಳವೆ ಹಾಕಿಕೊಂಡು ಮಂಚದ ಅಂಚಿನಲ್ಲಿ ಹಾಗೇ ಮಲಗಿದ್ದೆ. ಯಜಮಾನರು ಒಳಗೆ ಬಂದರು. ಅತ್ತಿಗೆಯ ಮನೆಯಲ್ಲೇನೋ ಪೂಜೆ, ನಾನೂ ಹೋಗಬೇಕಂತೆ, ಅದಕ್ಕೆ ನನ್ನನ್ನು ಒಪ್ಪಿಸಬೇಕಿತ್ತು.

"ಸ್ವಲ್ಪ ಈ ಕಡೆ ತಿರುಗು ಶಶಿ. ಮುಖ ನೋಡ್ದೆ ಎಂಗೆ ಮಾತಾಡೋದು?"

"ಕೆಳಗೆ ಕೂತ್ಕೊಳ್ಳಿ," ಎಂದೆ. "ಕಾಣುತ್ತೆ."

ಅವರ ಪಾದಗಳು ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದವು. ನಾನು ಅವುಗಳನ್ನೇ ನೋಡುತ್ತಿದ್ದೆ, ಬಗ್ಗುತ್ತವೆಯೇನೋ ಎಂದು. ಆಮೇಲೆ ಅವು ಬಾಗಿಲ ಕಡೆಗೆ ತಿರುಗಿದವು.